ರಿಪೇರಿ ಮಾಡಿಸಿದರೂ ಮತ್ತೆ ಮತ್ತೆ ಕೈಕೊಡುವ ಲೆನ್ಸ್: ಇನ್ನೊಮ್ಮೆ ಕಳಿಸುವ ಮುಂಚೆ ಹೀಗೆ ಮಾಡಿ

ಸಿರುಗುಪ್ಪದಿಂದ, ಗಂಗಾವತಿಯಿಂದ, ಮಾನ್ವಿಯಿಂದ ಫೋನ್ ಮಾಡುವ ಫೋಟೊಗ್ರಾಫರ್ ಗೆಳೆಯರ ಪ್ರಶ್ನೆ ಒಂದೇ: "ಅಣ್ಣಾ, ಎರಡು ಸಲ ಬೆಂಗಳೂರಿಗೆ ಕಳಿಸಿದೆ. ಬಂದಾಗ ಸರಿ ಇರ್ತದೆ, ಎರಡು ಮದುವೆ ಆಗೋಷ್ಟರಲ್ಲಿ ಮತ್ತೆ ಅದೇ ಕಥೆ. ಏನ್ ಮಾಡ್ಲಿ?" ನಾನು ತಿರುಗಿ ಕೇಳುವುದೂ ಒಂದೇ: "ಯಾವ ಜೂಮಲ್ಲಿ, ಯಾವ ಅಪರ್ಚರಲ್ಲಿ ಕೈಕೊಡ್ತು?" (ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ನಂಬರು ದೊಡ್ಡದಾದಷ್ಟೂ ಕಿಂಡಿ ಚಿಕ್ಕದು.) ಆ ಕಡೆ ಮೌನ. "ಸುಮ್ನೆ ಎರರ್ ಬರ್ತದಣ್ಣಾ" ಅನ್ನುತ್ತಾರೆ. ರಿಪೇರಿಯವನಿಗೂ ಅಷ್ಟೇ ಹೇಳಿರುತ್ತಾರೆ.

ಮೂರು ಸಲ ಕೆಟ್ಟ ಲೆನ್ಸಿಗೆ ಮೂರು ಬೇರೆ ಬೇರೆ ರೋಗ ಇರುವುದು ಅಪರೂಪ. ಇರುವುದು ಒಂದೇ ರೋಗ. ಅದು ಅಂಗಡಿಯ ಟೇಬಲ್ ಮೇಲೆ ಐದು ನಿಮಿಷ ತಣ್ಣಗೆ ಕೂತಿದ್ದು, ನಿಮ್ಮ ಕೈಗೆ ಬಂದು ಬಿಸಿಲು, ಧೂಳು, ಜೂಮಿನ ಎಳೆದಾಟ ಶುರುವಾದ ಮೇಲೆ ಎದ್ದು ಕೂರುತ್ತದೆ. ರಿಪೇರಿಯವನು ಕಂಡದ್ದನ್ನು ಸರಿಮಾಡುತ್ತಾನೆ, ಕಾಣದ್ದನ್ನು ಬಿಡುತ್ತಾನೆ. ಹಾಗಾಗಿ ಇನ್ನೊಮ್ಮೆ ಕಳಿಸುವ ಮುಂಚೆ ನಮ್ಮ ಕೆಲಸ ಒಂದಿದೆ: ಆ ತಪ್ಪನ್ನು ಬೇಕೆಂದಾಗ ಬರಿಸಿ ತೋರಿಸುವುದು ಹೇಗೆಂದು ಕಂಡುಕೊಳ್ಳುವುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹಾರಿದರೆ ನಾಲ್ಕರ ಫಲಿತಾಂಶ ನಂಬಲಾಗದು.

## ಮೊದಲು ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ಟ್ರೈಪಾಡ್, ಒಂದು ಎಲ್‌ಇಡಿ ಟಾರ್ಚ್, ರಬ್ಬರ್ ಬ್ಲೋವರ್, ತೊಳೆದು ಒಣಗಿಸಿದ ಮೈಕ್ರೊಫೈಬರ್ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ (99 ಪರ್ಸೆಂಟ್ ಇರುವುದು, ಸ್ಯಾನಿಟೈಸರ್ ಅಲ್ಲ, ಅದರಲ್ಲಿ ನೀರು, ಜೆಲ್, ಸುಗಂಧ ಎಲ್ಲ ಇರುತ್ತದೆ), ಎರಡು ಮೂರು ದಿನಪತ್ರಿಕೆ ಹಾಳೆ, ಟೇಪ್, ಒಂದು ನೋಟ್‌ಬುಕ್. ಇವುಗಳ ಜೊತೆಗೆ ಸ್ನೇಹಿತನ ಹತ್ತಿರದಿಂದ ಒಂದು ದಿನದ ಮಟ್ಟಿಗೆ ಅದೇ ಮೌಂಟಿನ (ಲೆನ್ಸ್ ಕೂರುವ ಬಾಯಿಯ) ಇನ್ನೊಂದು ಕ್ಯಾಮೆರಾ ಬಾಡಿ ತಂದುಕೊಳ್ಳಿ.

ಸ್ಕ್ರೂಡ್ರೈವರ್ ಈ ಪಟ್ಟಿಯಲ್ಲಿ ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಜಪಾನಿ ಲೆನ್ಸ್‌ಗಳ ಸ್ಕ್ರೂ ನೋಡಲು ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂ ಥರ ಕಂಡರೂ ಅದರ ತಲೆಯ ತೋಡು ಬೇರೆ ಅಳತೆಯದು; ಜೆಐಎಸ್ ಅನ್ನುವ ಜಪಾನಿ ಮಾನದಂಡದ ಬಿಟ್ ಬೇಕು. ಮೊಬೈಲ್ ಅಂಗಡಿಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆಯುತ್ತದೆ. ಆಮೇಲೆ ಯಾವ ಒಳ್ಳೆ ರಿಪೇರಿಯವನೂ ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ.

## ಹಂತ 1: ಆರ್ಡರ್‌ಗೆ ಒಯ್ಯುವುದನ್ನು ನಿಲ್ಲಿಸಿ, ಲೆಕ್ಕ ಬರೆಯಿರಿ

ಅರೆ ಕೆಟ್ಟ ಲೆನ್ಸನ್ನು "ಇವತ್ತೊಂದು ದಿನ ನಡೀಲಿ" ಎಂದು ಒಯ್ಯುವವರೇ ಹೆಚ್ಚು. ನಾನೂ ಒಯ್ದಿದ್ದೇನೆ. ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ಧಾರೆಯವರೆಗೆ ಚೆನ್ನಾಗಿ ನಡೆಯಿತು. ಗಟ್ಟಿಮೇಳ ಶುರುವಾಯಿತು, ಹುಡುಗ ತಾಳಿ ಎತ್ತಿದ, ನಾನು ಜೂಮ್ ಹಿಂದಕ್ಕೆ ಎಳೆದು ಒತ್ತಿದೆ. ಕ್ಲಿಕ್ ಆಗಲಿಲ್ಲ. ಬ್ಯಾಟರಿ ತೆಗೆದು ಹಾಕುವಷ್ಟರಲ್ಲಿ ಅಕ್ಷತೆ ನನ್ನ ತಲೆ ಮೇಲೇ ಬಿದ್ದಿತ್ತು. ವಿಡಿಯೋದವನ ಫುಟೇಜಿನಿಂದ ಒಂದು ಫ್ರೇಮ್ ತೆಗೆದು ಆಲ್ಬಮ್ ಮುಗಿಸಿದೆ. ಮದುವೆ ಸೀಸನ್‌ನಲ್ಲಿ ಬಾಡಿಗೆ ಲೆನ್ಸ್ ಸಿಗುವುದು ಕಷ್ಟ, ನಿಜ. ಆದರೂ ಬಾಡಿಗೆಗೇ ತನ್ನಿ.

ಆಮೇಲೆ ನೋಟ್‌ಬುಕ್ ತೆಗೆಯಿರಿ. ಮೊದಲ ಸಲ ಕೆಟ್ಟದ್ದು ಯಾವಾಗ, ಬಿಲ್ಲಿನಲ್ಲಿ ಏನು ಬರೆದಿದ್ದಾರೆ, ಬಂದ ಮೇಲೆ ಎಷ್ಟು ದಿನ ಬಾಳಿತು, ನಡುವೆ ಬಿತ್ತೇ, ಬೈಕಿನ ಡಿಕ್ಕಿಯಲ್ಲಿಟ್ಟು ಒಯ್ದಿರೇ, ಎಲ್ಲ. ನೆನಪಿಲ್ಲ ಅನ್ನಬೇಡಿ, ಫೋಟೊದೊಳಗೇ ಸಾಕ್ಷಿ ಇದೆ. ಲೆನ್ಸ್ ಕೈಕೊಡುವ ಸ್ವಲ್ಪ ಮುಂಚಿನ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು ಎಕ್ಸಿಫ್ ಮಾಹಿತಿ ನೋಡಿ. ಜೂಮ್ ಎಷ್ಟಿತ್ತು, ಅಪರ್ಚರ್ ಎಷ್ಟಿತ್ತು, ಸಮಯ ಎಷ್ಟು ಎಲ್ಲ ಅಲ್ಲಿರುತ್ತದೆ. ನಾಲ್ಕೈದು ಘಟನೆ ಹೀಗೆ ಬರೆದಿಟ್ಟರೆ ಒಂದು ಜಾಡು ಸಿಗುತ್ತದೆ. ನನ್ನದರಲ್ಲಿ ಪ್ರತಿ ಸಲವೂ 24ರಿಂದ 35 ಎಂ.ಎಂ. ನಡುವೆ, ಅಪರ್ಚರ್ 5.6 ಅಥವಾ ಅದಕ್ಕಿಂತ ಹೆಚ್ಚಿನ ನಂಬರಿನಲ್ಲಿ. ಎರಡು ಸಲ ರಿಪೇರಿಗೆ ಕೊಟ್ಟಾಗಲೂ ಈ ಒಂದು ಸಾಲನ್ನು ನಾನು ಹೇಳಿರಲಿಲ್ಲ.

## ಹಂತ 2: ತಪ್ಪು ಲೆನ್ಸಿನದೋ, ಬಾಡಿಯದೋ?

ನಿಮ್ಮ ಲೆನ್ಸ್ ಸ್ನೇಹಿತನ ಬಾಡಿಗೆ, ಸ್ನೇಹಿತನ ಲೆನ್ಸ್ ನಿಮ್ಮ ಬಾಡಿಗೆ ಹಾಕಿ ತಲಾ ನೂರು ಫೋಟೊ ತೆಗೆಯಿರಿ. ಹತ್ತು ತೆಗೆದು "ಸರಿ ಐತೆ" ಅನ್ನಬೇಡಿ. ತಪ್ಪು ನಿಮ್ಮ ಲೆನ್ಸಿನ ಜೊತೆ ಹೋಯಿತಾದರೆ ಲೆನ್ಸಿನದು. ನಿಮ್ಮ ಬಾಡಿಯಲ್ಲಿ ಯಾವ ಲೆನ್ಸ್ ಹಾಕಿದರೂ ಬಂತಾದರೆ ಇಷ್ಟು ದಿನ ತಪ್ಪು ಸಾಮಾನನ್ನು ರಿಪೇರಿ ಮಾಡಿಸಿದ್ದೀರಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ) ಬಾಡಿಗೆ ಹಳೇ ಲೆನ್ಸನ್ನು ಅಡಾಪ್ಟರ್ (ಎರಡರ ನಡುವೆ ಕೂರುವ ಜೋಡಣೆ ಬಳೆ) ಮೂಲಕ ಹಾಕುವವರು ಮೊದಲು ಅಡಾಪ್ಟರ್ ಮೇಲೆಯೇ ಅನುಮಾನ ಪಡಿ. ಅಡಾಪ್ಟರ್ ಇಲ್ಲದೆ, ಆ ಲೆನ್ಸಿನದೇ ಮೌಂಟ್ ಇರುವ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೇ ಬಗೆಯ) ಬಾಡಿಯಲ್ಲಿ ಪರೀಕ್ಷೆ ಮಾಡಿ. ಸಿಗ್ಮಾ, ಟ್ಯಾಮ್ರಾನ್ ಥರದ ಲೆನ್ಸ್ ಆದರೆ ಹೊಸ ಬಾಡಿಯ ಜೊತೆ ಹೊಂದದೆ ಇರುವುದು ಫರ್ಮ್‌ವೇರ್ (ಲೆನ್ಸಿನೊಳಗಿನ ಸಾಫ್ಟ್‌ವೇರ್) ಸಮಸ್ಯೆಯೂ ಆಗಬಹುದು. ಅದಕ್ಕೆ ಲೆನ್ಸ್ ಬಿಚ್ಚುವ ಕೆಲಸವೇ ಇಲ್ಲ. ಡುಪ್ಲಿಕೇಟ್ ಬ್ಯಾಟರಿ ಇದ್ದರೆ ಪರೀಕ್ಷೆಯ ದಿನ ಒರಿಜಿನಲ್ ಹಾಕಿ, ಪೂರ್ತಿ ಚಾರ್ಜ್ ಮಾಡಿ.

ಇನ್ನೊಂದು ಸಣ್ಣ ಮಾತು. ನಿಕಾನ್ ಬಾಡಿಯಲ್ಲಿ 'ಎಫ್‌ಇಇ' ಎಂದು ಬಂದರೆ ಅದು ಹೆಚ್ಚಿನ ಸಲ ಕೆಡುಕೇ ಅಲ್ಲ. ಹಳೇ ಲೆನ್ಸಿನ ಅಪರ್ಚರ್ ರಿಂಗು ಅತಿ ದೊಡ್ಡ ನಂಬರಿಗೆ, ಅಂದರೆ 16ಕ್ಕೋ 22ಕ್ಕೋ, ತಿರುಗಿ ಲಾಕ್ ಆಗಿಲ್ಲ ಎಂದರ್ಥ. ತಿರುಗಿಸಿ ಲಾಕ್ ಮಾಡಿದರೆ ಮುಗಿಯಿತು.

## ಹಂತ 3: ಕಾಂಟ್ಯಾಕ್ಟ್ ಪಿನ್ನು ಮತ್ತು ಮೌಂಟ್

ಕ್ಯಾನನ್‌ನಲ್ಲಿ ಬರುವ 'ಎರರ್ 01' ಹೇಳುವುದು ಇಷ್ಟೇ: ಬಾಡಿಗೂ ಲೆನ್ಸಿಗೂ ಮಾತುಕತೆ ನಿಂತಿದೆ, ಕಾಂಟ್ಯಾಕ್ಟ್ ಒರೆಸಿ ನೋಡಿ. ಒರೆಸಿದರೆ ಹೋದರೆ ನಿಮ್ಮ ಅದೃಷ್ಟ. ಅರಿಶಿನ ಶಾಸ್ತ್ರದಲ್ಲಿ ಲೆನ್ಸ್ ಬದಲಿಸಿದವರ ಪಿನ್ನು ನೋಡಬೇಕು, ಹಳದಿ ಪದರವೇ ಕೂತಿರುತ್ತದೆ. ಅರಿಶಿನದ ಪುಡಿ ನುಣ್ಣಗೆ, ಎಣ್ಣೆ ಸೇರಿದರೆ ಅಂಟು.

ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಬಿಚ್ಚಿ. ಬಾಡಿಯ ಬಾಯಿಗೆ ತಕ್ಷಣ ಮುಚ್ಚಳ ಹಾಕಿ. ಲೆನ್ಸಿನ ಹಿಂಬದಿಯನ್ನು ಕೆಳಮುಖ ಮಾಡಿ ಹಿಡಿದು ಬ್ಲೋವರ್ ಒತ್ತಿ. ಬಟ್ಟೆಯ ಮೂಲೆಗೆ ಒಂದೇ ಹನಿ ಆಲ್ಕೋಹಾಲ್ ತಾಗಿಸಿ ಚಿನ್ನದ ಬಣ್ಣದ ಪಿನ್ನುಗಳನ್ನು ಸಾಲಾಗಿ ಒರೆಸಿ. ಮರಳು ಕಾಗದ ಬೇಡವೇ ಬೇಡ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಚಟವೂ ಬೇಡ. ಅದರ ಪುಡಿ ಒಳಗೆ ಬೀಳುತ್ತದೆ, ಉಜ್ಜಿದಷ್ಟೂ ಮೇಲಿನ ಚಿನ್ನದ ಲೇಪ ಸವೆಯುತ್ತದೆ. ಬಾಡಿ ಕಡೆಯ ಪಿನ್ನುಗಳು ಸ್ಪ್ರಿಂಗಿನವು. ಟಾರ್ಚ್ ಹಿಡಿದು ನೋಡಿ, ಒಂದಾದರೂ ಒಳಗೆ ಸಿಕ್ಕಿಕೊಂಡು ಮೇಲೆ ಬಾರದಿದ್ದರೆ ತಪ್ಪು ಬಾಡಿಯದಿರಬಹುದು.

ಮೌಂಟ್ ನೋಡುವುದು ಹೀಗೆ. ಲೆನ್ಸ್ ಹಾಕಿ, ಬಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಲೆನ್ಸಿನ ತುದಿ ಹಿಡಿದು ಹಗುರವಾಗಿ ಅಲ್ಲಾಡಿಸಿ. ತಿರುಗುವ ದಿಕ್ಕಿನಲ್ಲಿ ಕೂದಲೆಳೆಯಷ್ಟು ಆಟ ಇರುತ್ತದೆ, ಅದು ಸಹಜ. ಮೇಲೆ ಕೆಳಗೆ ಓಲಾಡಿದರೆ ಮೌಂಟಿನ ಸ್ಕ್ರೂ ಸಡಿಲ, ಇಲ್ಲವೇ ಮೌಂಟ್ ಬಾಗಿದೆ. ಕ್ಯಾನನ್ ಇಎಫ್ ಮೌಂಟಿನಿಂದ ಸೆನ್ಸರಿಗೆ ಇರುವ ದೂರ 44 ಎಂ.ಎಂ., ನಿಕಾನ್ ಎಫ್‌ನಲ್ಲಿ 46.5 ಎಂ.ಎಂ. ಅದರಲ್ಲಿ ಮಿಲಿಮೀಟರಿನ ನೂರರ ಕೆಲವು ಪಾಲು ಓರೆಯಾದರೂ ಫೋಟೊದ ಒಂದು ಮೂಲೆ ಮಂಕಾಗುತ್ತದೆ. ಬಾಗಿದ ಮೌಂಟ್ ಹಾಗೇ ಬಿಟ್ಟು ಒಳಗಿನ ಏನನ್ನು ಬದಲಿಸಿದರೂ ದುಡ್ಡು ದಂಡ.

## ಹಂತ 4: ತಪ್ಪನ್ನು ಕೈಯಾರೆ ಬರಿಸಿ

ಇಡೀ ಕೆಲಸದ ಹೊಟ್ಟೆ ಇದೇ. ಅರ್ಧ ದಿನ ಇಟ್ಟುಕೊಳ್ಳಿ.

ಅಪರ್ಚರ್ ಪರೀಕ್ಷೆ. ಕ್ಯಾಮೆರಾವನ್ನು ಎವಿ ಅಥವಾ ಎ ಮೋಡಿಗೆ (ಅಪರ್ಚರನ್ನು ನಾವೇ ಆರಿಸುವ ಮೋಡ್) ಹಾಕಿ. ಮೊದಲು ಲೆನ್ಸಿನ ಅತಿ ಚಿಕ್ಕ ನಂಬರಿನಲ್ಲಿ (2.8 ಅಥವಾ 4) ಜೂಮ್ ಈ ತುದಿಯಿಂದ ಆ ತುದಿಗೆ ಒಯ್ಯುತ್ತಾ ಮೂವತ್ತು ಫೋಟೊ. ಆಮೇಲೆ 8ಕ್ಕೆ ಹಾಕಿ ಮತ್ತೆ ಮೂವತ್ತು. ಮೊದಲನೆಯದರಲ್ಲಿ ಏನೂ ಆಗದೆ ಎರಡನೆಯದರಲ್ಲಿ ಎರರ್ ಬಂದರೆ ಮಾತು ಹೆಚ್ಚುಕಡಿಮೆ ಮುಗಿದಂತೆ. ಪೂರ್ತಿ ತೆರೆದಾಗ ಅಪರ್ಚರ್ ಎಲೆಗಳು ಕದಲಬೇಕಿಲ್ಲ, 8ರಲ್ಲಿ ಕದಲಬೇಕು. ಕದಲಿಸುವ ಮೋಟರಿಗೆ ಕರೆಂಟು ಒಯ್ಯುವುದು ಕಾಗದದಷ್ಟು ತೆಳುವಾದ, ಕಂದು ಬಣ್ಣದ ಫ್ಲೆಕ್ಸ್ ಪಟ್ಟಿ. ಜೂಮ್ ಮಾಡಿದಾಗೆಲ್ಲ ಆ ಪಟ್ಟಿ ಮಡಚಿ ಬಿಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಮಡಚಿದ ಕಡೆ ಒಳಗಿನ ತಾಮ್ರದ ಗೆರೆ ಸೀಳುತ್ತದೆ. ಪೂರ್ತಿ ತುಂಡಾಗುವುದಿಲ್ಲ, ಒಂದು ಜೂಮಿನಲ್ಲಿ ಕೂಡಿಕೊಳ್ಳುತ್ತದೆ, ಇನ್ನೊಂದರಲ್ಲಿ ಬಿಡುತ್ತದೆ. ಅಂಗಡಿಯಲ್ಲಿ ಸರಿ, ಮಂಟಪದಲ್ಲಿ ಇಲ್ಲ ಅನ್ನುವ ಆಟಕ್ಕೆ ಕಾರಣ ಇದು. ಮಿರರ್‌ಲೆಸ್‌ನಲ್ಲಿ ಲೈವ್ ನೋಡುವಾಗಲೇ ಎಲೆಗಳು ಕದಲುವ ಬಾಡಿಗಳಿವೆ, ಅಲ್ಲಿ ಒತ್ತುವ ಮುಂಚೆಯೇ ಎರರ್ ಬರಬಹುದು.

ಎರರ್ ಇಲ್ಲ, ಆದರೆ ಫೋಟೊ ಒಮ್ಮೆ ಬೆಳ್ಳಗೆ ಒಮ್ಮೆ ಸರಿಯಾಗಿ ಬರುತ್ತದೆಯೇ? ಬಿಳಿ ಗೋಡೆಗೆ ಮುಖ ಮಾಡಿ, ಮ್ಯಾನುಯಲ್ ಮೋಡಿನಲ್ಲಿ 16ಕ್ಕೆ ಹಾಕಿ, ಹತ್ತು ಫೋಟೊ ಸತತ ತೆಗೆಯಿರಿ. ಹತ್ತೂ ಒಂದೇ ಬೆಳಕಿನಲ್ಲಿರಬೇಕು. ಮೊದಲೆರಡು ಬೆಳ್ಳಗೆ ಬಂದರೆ ಎಲೆಗಳು ನಿಧಾನ, ಅಂದರೆ ಅವುಗಳ ಮೇಲೆ ಎಣ್ಣೆ ಹರಿದಿದೆ. ರಿಪೇರಿಯಾದ ಮೇಲೆ ಇದು ಶುರುವಾಗಿದ್ದರೆ ಅನುಮಾನ ಹೊಸದಾಗಿ ಹಚ್ಚಿದ ಗ್ರೀಸಿನ ಮೇಲೆ: ಹೆಚ್ಚು ಹಚ್ಚಿದ್ದಾರೆ, ಇಲ್ಲವೇ ಬಿಸಿಗೆ ಕರಗುವ ಜಾತಿಯದನ್ನು ಹಚ್ಚಿದ್ದಾರೆ.

ಆಟೊಫೋಕಸ್ ಪರೀಕ್ಷೆ. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು. ಒಂದರಿಂದ ಒಂದಕ್ಕೆ ಐವತ್ತು ಸಲ ಫೋಕಸ್ ಮಾಡಿಸಿ, ಕಿವಿ ಕೊಟ್ಟು ಕೇಳಿ. ಸಣ್ಣ 'ಸರ್' ಸದ್ದು ಸಹಜ. 'ಕೀಂ' ಎಂದು ಅಳುವುದು ಮೋಟರ್ ಸೋಲುತ್ತಿರುವ ಸೂಚನೆ. ಇನ್ನೂ ಓಡುತ್ತಿದೆಯಲ್ಲ ಎಂದು ಸುಮ್ಮನಿದ್ದರೆ ಒಂದು ದಿನ ಪೂರ್ತಿ ನಿಲ್ಲುತ್ತದೆ. 'ಕಟಕಟ' ಎಂದರೆ ಕಡಿಮೆ ಬೆಲೆಯ ಲೆನ್ಸ್‌ಗಳಲ್ಲಿ ಪ್ಲಾಸ್ಟಿಕ್ ಹಲ್ಲಿನ ಗಾಲಿ ಸೀಳಿದೆ. ಬರೀ ಮೋಟರ್ ಬದಲಿಸಿ ಸೀಳಿದ ಗಾಲಿ ಹಾಗೇ ಬಿಟ್ಟಿದ್ದರೆ ಮತ್ತೆ ಕೆಡುವುದು ಖಂಡಿತ.

ಡಿಎಸ್‌ಎಲ್‌ಆರ್‌ನವರು ಇನ್ನೊಂದು ನೋಡಿ. ವ್ಯೂಫೈಂಡರಿನಲ್ಲಿ ಫೋಕಸ್ ಮಾಡಿದರೆ ಮಂಕು, ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತಾ) ಮಾಡಿದರೆ ಚೂಪು ಅಂದರೆ ಗಾಜು ಸರಿಯಿದೆ, ಹೊಂದಾಣಿಕೆ ತಪ್ಪಿದೆ. ಬಾಡಿಯ ಮೆನುವಿನಲ್ಲಿ ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್ ಇದ್ದರೆ ಮನೆಯಲ್ಲೇ ಸರಿಹೋಗಬಹುದು. ಎರಡರಲ್ಲೂ ಮಂಕಾದರೆ ಮುಂದಿನ ಪರೀಕ್ಷೆಗೆ ಹೋಗಿ.

ಓರೆ ಪರೀಕ್ಷೆ. ಬಿದ್ದ ಲೆನ್ಸು, ಒಮ್ಮೆ ಗಾಜು ಬಿಚ್ಚಿ ಹಾಕಿದ ಲೆನ್ಸು ಎರಡಕ್ಕೂ ಇದು ಕಡ್ಡಾಯ. ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು ಅಂಟಿಸಿ. ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, ಸ್ಟೆಬಿಲೈಸರ್ (ಕೈ ನಡುಕ ತಡೆಯುವ ವ್ಯವಸ್ಥೆ) ಆಫ್. ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ನಡುವಿನ ಹಾಳೆಗೆ ಕೈಯಿಂದ ಫೋಕಸ್ ಮಾಡಿ, ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆಯಿರಿ. ಕಂಪ್ಯೂಟರಿನಲ್ಲಿ ಅಕ್ಷರ ಓದಿ. ನಾಲ್ಕೂ ಮೂಲೆ ಸಮನಾಗಿ ಸ್ವಲ್ಪ ಮಂಕಾದರೆ ಅದು ಆ ಲೆನ್ಸಿನ ಹುಟ್ಟುಗುಣ. ಎಡಗಡೆ ಮಾತ್ರ ಮಂಕಾದರೆ? ಕ್ಯಾಮೆರಾ ಗೋಡೆಗೆ ನೇರವಾಗಿರಲಿಲ್ಲವೇನೋ ಅನ್ನುವ ಅನುಮಾನ ಉಳಿಯುತ್ತದೆ. ಆಗ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ, ಫೋಟೊವನ್ನು ತಿರುಗಿಸದೆ ನೋಡಿ. ಈಗಲೂ ಫ್ರೇಮಿನ ಎಡಗಡೆಯೇ ಮಂಕಾಗಿದ್ದರೆ ಲೆನ್ಸ್ ಓರೆ. ಮಂಕು ಬಲಕ್ಕೆ ಹೋಗಿದ್ದರೆ, ಅಂದರೆ ಗೋಡೆಯ ಅದೇ ಹಾಳೆಯನ್ನು ಹಿಡಿದುಕೊಂಡಿದ್ದರೆ, ನೀವು ನಿಲ್ಲಿಸಿದ್ದು ಓರೆ.

ಲೆನ್ಸಿನೊಳಗೆ ಗಾಜಿನ ಗುಂಪಿನ ಕೆಳಗೆ, ಮೌಂಟಿನ ಕೆಳಗೆ ಶಿಮ್ ಎಂಬ ಅತಿ ತೆಳು ಬಿಲ್ಲೆಗಳಿರುತ್ತವೆ. ಯಾವ ಬಿಲ್ಲೆ ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಅವಸರದಲ್ಲಿ ಒಂದು ಬಿಟ್ಟರೆ, ಅದಲುಬದಲಾದರೆ ಎರರ್ ಹೋಗಿ ಓರೆ ಬರುತ್ತದೆ. "ಎರರ್ ಸರಿ ಮಾಡಿದ್ರು, ಶಾರ್ಪ್‌ನೆಸ್ ಹೋಯ್ತು" ಅನ್ನುವ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಸ್ಟೆಬಿಲೈಸರ್. ಆನ್ ಮಾಡಿದಾಗ ವ್ಯೂಫೈಂಡರಿನ ಚಿತ್ರ ತಾನಾಗಿ ಹಾರಿದರೆ, ನಡುಗಿದರೆ, ಒಳಗಿಂದ ಗರಗರ ಬಂದರೆ ಆ ಭಾಗ ಕೆಟ್ಟಿದೆ. ಆಫ್ ಮಾಡಿ ಕೈಯಲ್ಲಿ ಅಲ್ಲಾಡಿಸಿದಾಗ 'ಟಕ್' ಅನ್ನುವುದು ಮಾತ್ರ ಕೆಲವು ಲೆನ್ಸ್‌ಗಳಲ್ಲಿ ಸಹಜ. ಅದಕ್ಕೆ ಹೆದರಿ ಬಿಚ್ಚಿಸಬೇಡಿ.

ಟಾರ್ಚ್ ಪರೀಕ್ಷೆ. ಕತ್ತಲ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಬಿಡಿ ಬಿಡಿ ಚುಕ್ಕೆ ಧೂಳು. ಜೇಡರ ಬಲೆಯಂಥ ಎಳೆಗಳು ಫಂಗಸ್. ಇಡೀ ಗಾಜಿಗೆ ಉಸಿರು ಬಿಟ್ಟಂಥ ಮಬ್ಬು ಇದ್ದರೆ ಎಣ್ಣೆಯ ಆವಿ ಇರಬಹುದು. ಗಾಜಿನ ಮೇಲೆ ಬೆರಳಿನ ಗುರುತು ಕಂಡಿತೋ, ಹಿಂದಿನ ರಿಪೇರಿಯವನ ಕೈಗುಣ ಗೊತ್ತಾಯಿತು.

ಧೂಳಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಹತ್ತಿಪ್ಪತ್ತು ಕಣಕ್ಕೆ ಲೆನ್ಸ್ ಬಿಚ್ಚಿಸಬೇಡಿ. ಅವು ಫೋಟೊದಲ್ಲಿ ಕಾಣುವುದಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ಧೂಳಿಲ್ಲದ ಲೆನ್ಸ್ ಹುಡುಕುವುದು ಸಾವಿಲ್ಲದ ಮನೆಯ ಸಾಸಿವೆ ತಂದಂತೆ. ಚೆನ್ನಾಗಿದ್ದ ಲೆನ್ಸ್ 'ಕ್ಲೀನಿಂಗ್'ಗೆ ಹೋಗಿ ರೋಗ ಹಚ್ಚಿಕೊಂಡು ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಪ್ರತಿ ಪರೀಕ್ಷೆಯನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿ. ಎರರ್ ಬಂದ ಕ್ಷಣ, ಜೂಮ್ ರಿಂಗಿನ ನಂಬರು, ಪರದೆಯ ಮೇಲಿನ ಅಪರ್ಚರ್ ಮೂರೂ ಒಂದೇ ಫ್ರೇಮಿನಲ್ಲಿ ಕಾಣಲಿ.

## ಹಂತ 5: ತಪ್ಪು ನಮ್ಮ ಬಳಕೆಯಲ್ಲೇ ಇದೆಯೇ?

ಇದನ್ನು ಓದುವಾಗ ಸಿಟ್ಟು ಬರಬಹುದು, ಆದರೂ ಕೇಳಿಕೊಳ್ಳಿ. ಬಹಳಷ್ಟು ಕ್ಯಾಮೆರಾಗಳ ಪುಸ್ತಿಕೆಯಲ್ಲಿ ಬಳಸಬಹುದಾದ ಉಷ್ಣತೆ 0ಯಿಂದ 40 ಡಿಗ್ರಿ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳ ರಾಯಚೂರು, ಬಳ್ಳಾರಿಯಲ್ಲಿ ನೆರಳೇ 40 ದಾಟುತ್ತದೆ. ಬಾಗಿಲು ಹಾಕಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚು. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು ಬ್ಯಾಗು ಬಿಟ್ಟರೆ ಗ್ರೀಸ್ ನೀರಾಗುತ್ತದೆ, ಒಳಗಿನ ಅಂಟು ಪಟ್ಟಿ ಬಿಡುತ್ತದೆ. ರಿಪೇರಿಯಲ್ಲಿ ಫ್ಲೆಕ್ಸ್ ಪಟ್ಟಿಯನ್ನು ಅಂಟು ಟೇಪಿನಿಂದ ಕೂರಿಸಿದ್ದರೆ ಅದೇ ಮೊದಲು ಬಿಡುವುದು. ಬಿಟ್ಟ ಪಟ್ಟಿ ತಪ್ಪು ಜಾಗದಲ್ಲಿ ಮಡಚಿ ಮತ್ತೆ ಸೀಳುತ್ತದೆ. ಬ್ಯಾಗು ಒಳಗೆ ಒಯ್ಯಿರಿ. ಅಡುಗೆಯವರ ಕೋಣೆಯಾದರೂ ಸರಿ, ಕಾರಿಗಿಂತ ವಾಸಿ.

ಧೂಳಿನಲ್ಲೂ ಬಗೆ ಇದೆ. ಸಂಡೂರು, ತೋರಣಗಲ್ಲಿನ ಕೆಂಪು ಅದಿರಿನ ಧೂಳು ಗಡಸು. ಬಟ್ಟೆಯಿಂದ ಒರೆಸಿದರೆ ಗಾಜಿಗೆ ಗೀರು, ಮೊದಲು ಬ್ಲೋವರ್ ಕಡ್ಡಾಯ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಹಿಟ್ಟಿನಂತೆ ನುಣ್ಣಗೆ, ಜೂಮ್ ಕೊಳವೆಯ ಸಂದಿಯಲ್ಲಿ ಸೀದಾ ಒಳಗೆ. ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ ಬದಿಯ ಹೊಟ್ಟಿನ ಧೂಳು, ಬಳ್ಳಾರಿಯ ಜೀನ್ಸ್ ಹೊಲಿಯುವ ಗಲ್ಲಿಗಳ ನೂಲಿನ ಎಳೆ ಇವೂ ಕಡಿಮೆಯಿಲ್ಲ. ಹೊರಗೆ ಚಾಚುವ ಜೂಮ್ ಲೆನ್ಸ್ ಎಳೆದು ತಳ್ಳಿದಾಗೆಲ್ಲ ಪಂಪಿನಂತೆ ಗಾಳಿ ಎಳೆದುಕೊಳ್ಳುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವಾಗ ಅಂಥ ಜೂಮಿನ ಬದಲು ಫಿಕ್ಸೆಡ್ ಲೆನ್ಸ್ ಒಯ್ಯುವುದು ಜಾಣತನ. ಆಗದಿದ್ದರೆ ಪಾರದರ್ಶಕ ಮಳೆಕವಚ ಹಾಕಿ.

ಫಂಗಸ್ ತೆಗೆಸಿ ತಂದು ಅದೇ ಹಳೇ ಚರ್ಮದ ಬ್ಯಾಗಿನಲ್ಲಿ ಇಟ್ಟರೆ ಅದು ಮತ್ತೆ ಬರುತ್ತದೆ, ಅದರಲ್ಲಿ ರಿಪೇರಿಯವನ ತಪ್ಪಿಲ್ಲ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಸಣ್ಣ ಮೀಟರ್ ಸಾಕು. ತೇವಾಂಶ 40ರಿಂದ 50 ಪರ್ಸೆಂಟಿನಲ್ಲಿರಲಿ. ಸಿಲಿಕಾ ಜೆಲ್ ಬದಲು ಡಬ್ಬಿಗೆ ಅಕ್ಕಿ ಹಾಕುವವರಿದ್ದಾರೆ. ಭತ್ತದ ನಾಡಿನವರು ನಾವು, ಅಕ್ಕಿಯ ಮೇಲೆ ಪ್ರೀತಿ ಇರಲಿ, ಆದರೆ ಅದರ ಹಿಟ್ಟಿನ ಪುಡಿ ಲೆನ್ಸಿಗೆ ಬೇಡ. ಫಂಗಸ್ ಗಾಜಿನ ಲೇಪವನ್ನು ತಿಂದುಬಿಟ್ಟಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ. ಅದನ್ನು 'ಮತ್ತೆ ಬಂತು' ಎಂದು ತಪ್ಪು ತಿಳಿಯಬೇಡಿ.

ಲೆನ್ಸ್ ಬಿಚ್ಚುವ ಮುಂಚೆ ಕ್ಯಾಮೆರಾ ಆಫ್ ಮಾಡುವ ಅಭ್ಯಾಸ ಇಲ್ಲದಿದ್ದರೆ ಇವತ್ತೇ ಮಾಡಿಕೊಳ್ಳಿ.

## ಹಂತ 6: ಕೊಡುವಾಗ ಏನು ಕೇಳಬೇಕು

ಮೊದಲು ಫೋಟೊ ತೆಗೆದಿಡಿ: ಸೀರಿಯಲ್ ನಂಬರು, ಮುಂದಿನ ಗಾಜು, ಹಿಂದಿನ ಗಾಜು, ಮೌಂಟಿನ ಪ್ರತಿ ಸ್ಕ್ರೂವಿನ ತಲೆ. ಸ್ಕ್ರೂ ಯಾಕೆ? ವಾಪಸ್ ಬಂದಾಗ ಅದೇ ಸ್ಕ್ರೂಗಳ ಫೋಟೊ ಪಕ್ಕಕ್ಕಿಟ್ಟು ನೋಡಿ. ತೋಡಿನ ಅಂಚಿನಲ್ಲಿ ಹೊಸದಾಗಿ ಬೆಳ್ಳಿಯಂತೆ ಹೊಳೆಯುವ ಸವೆತ ಕಂಡರೆ ಬಿಚ್ಚಿದ್ದಾರೆ, ಅದೂ ಹೊಂದದ ಬಿಟ್ಟಿನಿಂದ. ತೋಡಿನಲ್ಲಿ ಕೂತ ಧೂಳು ಕೂಡ ಕದಲದೆ ಹಾಗೇ ಇದ್ದರೆ ಹಿಂಬದಿ ಬಿಚ್ಚಿಯೇ ಇಲ್ಲ. ನನ್ನ ಎರಡನೇ ಬಿಲ್ಲಿನಲ್ಲಿ "ಫುಲ್ ಸರ್ವಿಸ್" ಎಂದಿತ್ತು, ಒಂದು ಸ್ಕ್ರೂವಿನಲ್ಲಿ ಅರಿಶಿನ ಹಾಗೇ ಕೂತಿತ್ತು.

ಆಮೇಲೆ ಒಂದು ಚೀಟಿ ಬರೆದು ಲೆನ್ಸಿನ ಜೊತೆಗಿಡಿ. "ಎರರ್ ಬರುತ್ತದೆ" ಎಂದಲ್ಲ. ಹೀಗೆ: "24ರಿಂದ 35 ಎಂ.ಎಂ. ನಡುವೆ, ಅಪರ್ಚರ್ 5.6 ಮತ್ತು ಮೇಲೆ, ಮೂವತ್ತರಲ್ಲಿ ನಾಲ್ಕೈದು ಸಲ ಎರರ್. 4ರಲ್ಲಿ ಬರುವುದಿಲ್ಲ. ಎರಡು ಬಾಡಿಯಲ್ಲಿ ನೋಡಿದೆ. ಇದು ಮೂರನೇ ರಿಪೇರಿ, ಹಿಂದಿನ ಬಿಲ್ಲಿನ ನಕಲು ಜೊತೆಗಿದೆ." ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳಿಸಿ.

ಸಾಧ್ಯವಾದರೆ ಕೈಯಾರೆ ಒಯ್ಯಿರಿ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರಾಯಚೂರಿನವರಿಗೆ ಉದ್ಯಾನ್ ಇದೆ. ನಾನು ಮೂರನೇ ಸಲ ಹೋದೆ. ಕೌಂಟರಿನ ಹುಡುಗ ಲೆನ್ಸ್ ಹಾಕಿ, 4ರಲ್ಲೇ ಇಟ್ಟು ಟಪಟಪ ನಾಲ್ಕು ಒತ್ತಿ, "ನೋಡಿ ಸರ್, ಕರೆಕ್ಟಾಗಿದೆಯಲ್ಲ" ಎಂದ. "ಒಂದ್ನಿಮಿಷ ತಮ್ಮಾ" ಎಂದು ಕ್ಯಾಮೆರಾ ಇಸಿದುಕೊಂಡು 8ಕ್ಕೆ ತಿರುಗಿಸಿ, ಜೂಮ್ ನಿಧಾನ ಹಿಂದಕ್ಕೆ ಎಳೆಯುತ್ತಾ ಒತ್ತುತ್ತಾ ಹೋದೆ. ಏಳನೆಯದಕ್ಕೆ ನಿಂತಿತು. ಹುಡುಗ ಒಳಗಿನಿಂದ ಹಿರಿಯ ಮೆಕ್ಯಾನಿಕ್‌ನನ್ನು ಕರೆದ. ಅವರು ಮಾತಾಡದೆ ಇನ್ನೆರಡು ಸಲ ಅದೇ ಮಾಡಿ ನೋಡಿ, "ಫ್ಲೆಕ್ಸು. ಹಿಂದೆ ಹಾಕಿದವರು ಹಳೇದನ್ನೇ ಹಾಕಿರಬೇಕು" ಎಂದರು. ಎರಡು ನಿಮಿಷದ ಕೆಲಸ ಅದು, ಎಂಟು ತಿಂಗಳಿಂದ ಆಗಿರಲಿಲ್ಲ.

ಕೇಳಬೇಕಾದ್ದು ನಾಲ್ಕು, ಉತ್ತರ ಬರಹದಲ್ಲಿ ಬರಲಿ:

1. ಯಾವ ಭಾಗ ಬದಲಿಸುತ್ತೀರಿ, ಹೆಸರು ಹೇಳಿ. "ಸರ್ವಿಸ್" ಅನ್ನುವುದು ಉತ್ತರವಲ್ಲ.
2. ಭಾಗ ಹೊಸದೋ, ಇನ್ನೊಂದು ಕೆಟ್ಟ ಲೆನ್ಸಿನಿಂದ ತೆಗೆದದ್ದೋ? ಗಾಜು, ಲೋಹದ ಭಾಗ ಹಳೆಯದಾದರೂ ನಡೆದೀತು. ಫ್ಲೆಕ್ಸ್ ಪಟ್ಟಿ ಮಾತ್ರ ಹಳೆಯದು ಬೇಡ, ಅದೂ ಅಷ್ಟೇ ಸಲ ಮಡಚಿರುತ್ತದೆ.
3. ತೆಗೆದ ಹಳೇ ಭಾಗ ನನಗೆ ವಾಪಸ್ ಕೊಡುತ್ತೀರಾ? ಈ ಪ್ರಶ್ನೆಗೆ ಮುಖ ಸಿಂಡರಿಸುವ ಅಂಗಡಿಯಿಂದ ಲೆನ್ಸ್ ಎತ್ತಿಕೊಂಡು ಬನ್ನಿ.
4. ಇದೇ ತಪ್ಪು ಮತ್ತೆ ಬಂದರೆ ಎಷ್ಟು ದಿನದವರೆಗೆ ದುಡ್ಡಿಲ್ಲದೆ ನೋಡುತ್ತೀರಿ?

ಕೊರಿಯರ್ ಮಾಡುವುದೇ ಆದರೆ ಎರಡೂ ಮುಚ್ಚಳ ಹಾಕಿ, ಜೂಮನ್ನು ಕುಗ್ಗಿಸಿ, ಬಬಲ್ ಶೀಟ್ ಸುತ್ತಿ, ಡಬ್ಬದೊಳಗೆ ಡಬ್ಬ ಇಡಿ. ಅಲ್ಲಾಡಿಸಿದರೆ ಒಳಗೆ ಏನೂ ಕದಲಬಾರದು. ಪ್ಯಾಕ್ ಮಾಡುವುದನ್ನೂ, ವಾಪಸ್ ಬಂದಾಗ ಬಿಚ್ಚುವುದನ್ನೂ ವಿಡಿಯೋ ಮಾಡಿ.

## ಹಂತ 7: ಬಂದ ದಿನವೇ ಪರೀಕ್ಷೆ

ಎರರ್ ಬರಲಿಲ್ಲ ಎಂದು ಕಪಾಟಿನಲ್ಲಿಟ್ಟು, ಮೂರು ವಾರದ ನಂತರ ಮದುವೆಯ ಮಂಟಪದಲ್ಲಿ ಮೊದಲ ಸಲ ತೆಗೆಯುವುದು ನಾನು ಕಂಡ ಅತಿ ದೊಡ್ಡ ತಪ್ಪು. ಅಷ್ಟರಲ್ಲಿ ರಿಪೇರಿಯ ವಾರಂಟಿ ದಿನಗಳು ಕರಗಿರುತ್ತವೆ.

ಹಂತ 4ರ ಎಲ್ಲ ಪರೀಕ್ಷೆ ಅದೇ ದಿನ, ಅದೇ ಕ್ರಮದಲ್ಲಿ ಮತ್ತೆ ಮಾಡಿ. ಹಳೇ ಫೋಟೊಗಳ ಜೊತೆ ಹೋಲಿಸಿ. ಎರರ್ ಹೋಗಿರುವುದಷ್ಟೇ ಅಲ್ಲ, ಹೊಸದೇನಾದರೂ ಸೇರಿದೆಯೇ ನೋಡಿ: ಜೂಮ್ ರಿಂಗ್ ಒಂದು ಕಡೆ ಬಿಗಿ ಒಂದು ಕಡೆ ಸಡಿಲ, ಲೆನ್ಸ್ ಕೆಳಮುಖ ಹಿಡಿದರೆ ಜೂಮ್ ತಾನೇ ಜಾರುವುದು, ಒಳಗೆ ಬಿಡಿ ಸ್ಕ್ರೂ ಉರುಳುವ ಸದ್ದು, ಓರೆ ಮಂಕು. ಇವು ಕಂಡರೆ ಅವತ್ತೇ ಫೋನ್ ಮಾಡಿ, ಬೆನ್ನಿಗೇ ಬರಹದಲ್ಲೂ ತಿಳಿಸಿ.

ನಂತರದ ವಾರ ದಿನಾ ಐವತ್ತು ಫೋಟೊ ತೆಗೆಯಿರಿ. ಮನೆ, ಸಂತೆ, ತುಂಗಭದ್ರೆಯ ದಂಡೆ, ಎಲ್ಲಾದರೂ ಸರಿ. ಒಂದು ಮಧ್ಯಾಹ್ನದ ಬಿಸಿಲಲ್ಲೂ ತೆಗೆಯಿರಿ, ಬಿಸಿಯಾದಾಗ ಮಾತ್ರ ಬರುವ ತಪ್ಪು ಆಗ ಹೊರಬೀಳುತ್ತದೆ. ಆಮೇಲೂ ಮೊದಲ ಎರಡು ಆರ್ಡರ್‌ಗೆ ಅದು ಎರಡನೇ ಲೆನ್ಸಾಗಿ ಬರಲಿ, ಮೊದಲನೆಯದಾಗಿ ಅಲ್ಲ.

## ಹಂತ 8: ಅದೇ ತಪ್ಪು ಮತ್ತೆ ಬಂದರೆ

ಮೊದಲು ಅದೇ ಅಂಗಡಿಗೆ, ಚೀಟಿ ಮತ್ತು ವಿಡಿಯೋ ಸಮೇತ. ಹೆಚ್ಚಿನವರು ಇಷ್ಟು ದಾಖಲೆ ಕಂಡ ಕೂಡಲೇ ದಾರಿಗೆ ಬರುತ್ತಾರೆ. ಅದೇ ರಿಪೇರಿಗೆ ಮತ್ತೆ ದುಡ್ಡು ಕೇಳಿದರೆ ಕೊಡಬೇಡಿ, ಕೊಟ್ಟರೆ ಹೊಸ ಕೆಲಸ ಎಂದು ಒಪ್ಪಿಕೊಂಡಂತಾಗುತ್ತದೆ.

ದಾರಿಗೆ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈನಿಂದ ಜಾರಿಯಾದ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರಿಗೆ ಒಂದು ದೊಡ್ಡ ಅನುಕೂಲವಿದೆ: ಅಂಗಡಿ ಬೆಂಗಳೂರಿನಲ್ಲಿದ್ದರೂ ದೂರುದಾರ ತಾನು ವಾಸಿಸುವ ಇಲ್ಲವೇ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಪ್ಪು ನಡೆದ 2 ವರ್ಷದೊಳಗೆ ಕೊಡಬೇಕು. "ನೀವು ವ್ಯಾಪಾರಕ್ಕೆ ಬಳಸಿದ್ದೀರಿ, ಗ್ರಾಹಕರಲ್ಲ" ಎಂಬ ವಾದ ಬರುವುದುಂಟು. ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡು ಬಳಸುವ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶದ್ದು ಎಂದು ಎಣಿಸುವುದಿಲ್ಲ. ದೂರಿನಲ್ಲಿ ಈ ಮಾತನ್ನು ಮೊದಲೇ ಬರೆಯಿರಿ. ಬಿಲ್ ಇಲ್ಲದೆ ಕೈಗೆ ದುಡ್ಡು ಕೊಟ್ಟವರಿಗೆ ಮಾತ್ರ ಇದ್ಯಾವುದೂ ಸುಲಭವಲ್ಲ.

## ಹಂತ 9: ಯಾವಾಗ ಕೈಬಿಡಬೇಕು

ನನ್ನ ಲೆಕ್ಕ ಸರಳ. ಇಲ್ಲಿಯವರೆಗೆ ರಿಪೇರಿಗೆ ಸುರಿದದ್ದು, ಈಗ ಕೇಳುತ್ತಿರುವುದು ಎರಡನ್ನೂ ಕೂಡಿಸಿ. ಅದೇ ಲೆನ್ಸ್ ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುವ ಬೆಲೆಯ ಅರ್ಧ ದಾಟಿತೋ, ನಿಲ್ಲಿಸಿ. ಮೌಂಟ್ ಕೂರುವ ಒಳಗಿನ ಚೌಕಟ್ಟೇ ಬಾಗಿದ್ದರೆ, ಸ್ಕ್ರೂ ಕೂರುವ ಪ್ಲಾಸ್ಟಿಕ್ ಒಡೆದಿದ್ದರೆ, ಫಂಗಸ್ ಒಳಗಾಜಿನ ಲೇಪ ತಿಂದಿದ್ದರೆ, ಕಂಪನಿ ಬಿಡಿಭಾಗ ನಿಲ್ಲಿಸಿದ್ದರೆ ಲೆಕ್ಕವನ್ನೂ ಹಾಕಬೇಡಿ.

ಮಾರುವುದಾದರೆ ಇರುವ ತಪ್ಪು ಹೇಳಿ ಮಾರಿ. ಬಿಡಿಭಾಗಕ್ಕೆಂದು ರಿಪೇರಿಯವರೇ ಕೊಳ್ಳುತ್ತಾರೆ. ಹೇಳದೆ ಮಾರಿದರೆ ಸಿಂಧನೂರಿನ ಯಾವನೋ ಹುಡುಗ ಮೊದಲ ಆರ್ಡರ್‌ಗೆ ಅದನ್ನೇ ಒಯ್ಯುತ್ತಾನೆ.

ಅಪರ್ಚರ್ ಮಾತ್ರ ಕೆಟ್ಟಿದ್ದು ಗಾಜು ಚೆನ್ನಾಗಿದ್ದರೆ ಇನ್ನೊಂದು ದಾರಿಯಿದೆ. ಪೂರ್ತಿ ತೆರೆದ ಅಪರ್ಚರಿಗೆ ಕಟ್ಟಿಹಾಕಿ, ಬಾಡಿಯ ಮೇಲೆ "4 ಮಾತ್ರ" ಎಂದು ಟೇಪ್ ಅಂಟಿಸಿ, ಮನೆಯ ಫೋಟೊಗಳಿಗೆ ಇಟ್ಟುಕೊಳ್ಳಿ. ಹೊಸ ಫ್ಲೆಕ್ಸ್ ಹಾಕಿದ ನನ್ನ ಲೆನ್ಸ್ ಎರಡು ಸೀಸನ್ನಿನಿಂದ ಓಡುತ್ತಿದೆ. ಹಳೇ ಪಟ್ಟಿಯನ್ನು ಕೇಳಿ ಇಸಿದುಕೊಂಡು ಬಂದಿದ್ದೆ. ಟಾರ್ಚಿಗೆ ಹಿಡಿದರೆ ಮಡಿಕೆಯ ಮೇಲೆ ಸೂಜಿ ಎಳೆದಂಥ ಒಂದು ಬಿರುಕು ಕಾಣುತ್ತದೆ, ಬೆರಳಿಂದ ಸ್ವಲ್ಪ ಬಗ್ಗಿಸಿದರೆ ಮುಚ್ಚಿಹೋಗುತ್ತದೆ. ಎರಡು ಅಂಗಡಿಯವರ ಕಣ್ಣು ತಪ್ಪಿಸಿದ್ದು ಅದೇ.